ಬೊಂಬೆಯ ತಲೆ ಕಡಿದರೆ ನ್ಯಾಯ ಸಿಕ್ಕೀತೇ?

ಕಳೆದ ಚಳಿಗಾಲದಲ್ಲಿ ಗುತ್ತಲದ ಬಂಧುಗಳೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆ. ರಾತ್ರಿ ಊಟದ ಬಳಿಕ ಒಳಕೋಣೆಯಲ್ಲಿ ಐದಾರು ಹೆಣ್ಣುಮಕ್ಕಳು ಒಂದೇ ಮೊಬೈಲಿನ ಸುತ್ತ ಕುಳಿತು 'ಡಾರ್ಲಿಂಗ್ಸ್' ಎಂಬ ಹಿಂದಿ ಚಿತ್ರ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಹಗಲೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಂದವರು. ಪಡಸಾಲೆಯಲ್ಲಿದ್ದ ಹಿರಿಯರೊಬ್ಬರು ಗದರಿದರು: "ಇಂಥಾದ್ದು ನೋಡಿದ್ರ ಸಂಸಾರ ಉಳೀತಾವೇನು? ಬಂದ್ ಮಾಡ್ರಿ." ಒಳಗಿನಿಂದ ವಯಸ್ಸಾದ ಖಾಲಾ ಒಬ್ಬರ ಉತ್ತರ ಬಂತು: "ಹೊಡಿಯೋನ ಕೈ ಕಟ್ಟಿ ಹಾಕಿದ್ದನ್ನ ನೋಡಾಕರ ಬಿಡ್ರಿ, ಭಾಯಿ."

ಹಿರಿಯರು ಮುಂದೆ ಮಾತಾಡಲಿಲ್ಲ. ಆ ಮಾತಿಗೆ ನಮ್ಮ ಸಮುದಾಯದ ಬಳಿಯೂ ಸಿದ್ಧ ಉತ್ತರವಿಲ್ಲ.

ಜಸ್ಮೀತ್ ಕೆ. ರೀನ್ ನಿರ್ದೇಶನದ ಈ ಚಿತ್ರ 2022ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಕಥೆ ಮುಂಬೈಯ ಮುಸ್ಲಿಮ್ ಕುಟುಂಬವೊಂದರದ್ದು. ಗಂಡ ಹಂಝಾ ರೈಲ್ವೆಯಲ್ಲಿ ಟಿಕೆಟ್ ತಪಾಸಕ. ಕುಡಿಯುತ್ತಾನೆ, ಹೊಡೆಯುತ್ತಾನೆ, ಬೆಳಗಾದರೆ ಮುದ್ದಿಸುತ್ತಾನೆ. ಠಾಣೆಗೆ ಹೋದ ದೂರು ಅವನ ಸವಿಮಾತಿಗೆ ಕರಗಿ ಹಿಂದಕ್ಕೆ ಬರುತ್ತದೆ. ಕೊನೆಗೆ ಹೊಟ್ಟೆಯಲ್ಲಿದ್ದ ಮಗುವನ್ನೂ ಕಳಕೊಂಡ ಬದ್ರು ಅವನನ್ನು ಕಟ್ಟಿಹಾಕಿ, ತಾನು ಉಂಡದ್ದನ್ನೆಲ್ಲ ಅವನಿಗೂ ಉಣಿಸುತ್ತಾಳೆ. ಆಗ ಕೆಲವರು ಇದು ಪುರುಷರ ಮೇಲಿನ ಹಿಂಸೆಯ ವೈಭವೀಕರಣವೆಂದು ಬಹಿಷ್ಕಾರಕ್ಕೆ ಕರೆ ಕೊಟ್ಟರು. ನಮ್ಮಲ್ಲಿ ಕೆಲವರು ಹೊಡೆಯುವ ಗಂಡನಿಗೆ ಮುಸ್ಲಿಮ್ ಹೆಸರೇ ಏಕೆ ಬೇಕಿತ್ತು ಎಂದು ಮುನಿದರು. ಮುಸ್ಲಿಮ್ ಗಂಡಸನ್ನು ಖಳನಾಗಿಸುವ ಚಿತ್ರೋದ್ಯಮದ ಚಾಳಿ ಸುಳ್ಳಲ್ಲ. ಆದರೆ ಬದ್ರು ಮತ್ತು ಅವಳ ತಾಯಿಯ ಹೆಸರೂ ಮುಸ್ಲಿಮರದ್ದೇ ಎಂಬುದು ಹಾಗೆ ಮುನಿದವರಿಗೆ ನೆನಪಾಗಲಿಲ್ಲ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು (2019-21) ತೆರೆದು ನೋಡಿ. ಕರ್ನಾಟಕದಲ್ಲಿ ವಿವಾಹವಾದ, 18ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇ. 44.4 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು, ದೇಶದ ಸರಾಸರಿ ಶೇ. 29.3. ಈ ಅಂಕಿಯಲ್ಲಿ ಎಲ್ಲ ಧರ್ಮದ ಮನೆಗಳೂ ಇವೆ, ನಮ್ಮವೂ ಇವೆ. ಹತ್ತು ಮನೆಗಳಲ್ಲಿ ನಾಲ್ಕು ಮನೆಯ ಹೆಣ್ಣು ಪೆಟ್ಟು ತಿಂದಿರುವಾಗ, ಪೆಟ್ಟು ತಿರುಗಿಸುವ ಹೆಣ್ಣಿನ ಕಥೆಗೆ ಪ್ರೇಕ್ಷಕರ ಕೊರತೆಯಾದೀತೇ?

ಇಂಥ ಕಥೆಗಳ ಮೋಹ ಹೊಸದೇನೂ ಅಲ್ಲ. 2004ರ 'ಆಪ್ತಮಿತ್ರ'ವನ್ನು ನೆನಪಿಸಿಕೊಳ್ಳಿ. ರಾಜನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿಯ ಸೇಡು ಗೃಹಿಣಿಯೊಬ್ಬಳ ಮೈಯಲ್ಲಿ ಎದ್ದು ನಿಲ್ಲುತ್ತದೆ. ಕೊನೆಗೆ ವೈದ್ಯರು ಅವಳ ಕೈಗೆ ಖಡ್ಗ ಕೊಟ್ಟು, ಶತ್ರುವಿನ ಜಾಗದಲ್ಲಿ ಬೊಂಬೆಯನ್ನಿಟ್ಟು ತಲೆ ಕಡಿಯಲು ಬಿಡುತ್ತಾರೆ. ಸೇಡು ತೀರಿತೆಂದು ನಂಬಿದ ಅವಳು ಶಾಂತಳಾಗುತ್ತಾಳೆ. ಸೇಡಿನ ಥ್ರಿಲ್ಲರ್‌ಗಳೂ ಧಾರಾವಾಹಿಗಳೂ ಮಾಡುವ ಕೆಲಸ ಇದೇ. ಎರಡು ತಾಸು ಕೈಗೊಂದು ಬೊಂಬೆ ಕೊಡುತ್ತವೆ. ಮೊಬೈಲ್ ಆರಿದ ಮೇಲೆ ಅದೇ ಗಂಡ, ಅದೇ ಅಡುಗೆಮನೆ, ಅದೇ ಭಯ. ಉದ್ಯಮಕ್ಕೆ ಹಣ ಬಂತು, ಗಂಡಸಿಗೆ ನೆಮ್ಮದಿ ಉಳಿಯಿತು, ಅವಳಿಗೆ ಸಿಕ್ಕಿದ್ದು ನಿದ್ದೆ ಮಾತ್ರ.

ಸೇಡಿನ ಕಥೆ ಮುಚ್ಚಿಡುವ ಸತ್ಯವೊಂದಿದೆ. 'ಡಾರ್ಲಿಂಗ್ಸ್' ಕೊನೆಯಲ್ಲಿ ಬದ್ರು ಅವನನ್ನು ಕೊಲ್ಲದೆ ಬಿಟ್ಟುಬಿಡುತ್ತಾಳೆ. ಹಾದುಹೋಗುವ ರೈಲು ಆ ಕೆಲಸ ಮುಗಿಸುತ್ತದೆ. ಕಥೆಗಾರರ ಬಳಿ ರೈಲು ಇರುತ್ತದೆ. ನಮ್ಮ ಗುತ್ತಲಕ್ಕೆ ರೈಲೇ ಇಲ್ಲ. ಇಲ್ಲಿ ಹೆಣ್ಣೊಬ್ಬಳು ಗಂಡನನ್ನು ಕಟ್ಟಿಹಾಕಿದರೆ ಮರುದಿನ ಅವಳು ಜೈಲಿನಲ್ಲಿ, ಮಕ್ಕಳು ಬೀದಿಯಲ್ಲಿ. ಆದ್ದರಿಂದ ಸೇಡನ್ನು ನ್ಯಾಯವೆಂದು ನಾನು ಒಪ್ಪಲಾರೆ. ಆದರೆ ನ್ಯಾಯದ ಬಾಗಿಲು ಮುಚ್ಚಿದವರಿಗೆ ಸೇಡಿನ ಕಥೆಯನ್ನು ಖಂಡಿಸುವ ಹಕ್ಕೂ ಇಲ್ಲ.

ಕನ್ನಡದ ಮುಸ್ಲಿಮ್ ಹೆಣ್ಣಿನ ಕಥೆ ನಡೆದುಬಂದ ಹಾದಿಯನ್ನು ಗಮನಿಸಿ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಕೆರೆಗೆ ಹಾರಿ ಸಾಯುತ್ತಾಳೆ. ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ತೆಗೆದ 'ಹಸೀನಾ'ದ ನಾಯಕಿ, ಗಂಡ ಕೈಬಿಟ್ಟಾಗ ಮಕ್ಕಳೊಂದಿಗೆ ಮಸೀದಿಯ ಮುಂದೆ ಕುಳಿತು ನ್ಯಾಯ ಕೇಳುತ್ತಾಳೆ. ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಕಥೆಯೂ ಸೇರಿರುವ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯೂ ಬಂತು. ಪ್ರಶಸ್ತಿಗಳು ಬಂದವು, ಆ ಹೆಣ್ಣು ಕೇಳಿದ ಉತ್ತರ ಬಂತೇ? ಮೊದಲು ಸಾಯುವ ಹೆಣ್ಣು, ಆಮೇಲೆ ಕೇಳುವ ಹೆಣ್ಣು, ಈಗ ಸಾಯಿಸುವ ಹೆಣ್ಣು. ಕೇಳಿದವಳಿಗೆ ಉತ್ತರ ಸಿಗದಲ್ಲಿ ಸಾಯಿಸುವವಳ ಕಥೆ ಮಾರಾಟವಾಗುತ್ತದೆ.

ಕೇಳುವ ಹೆಣ್ಣು ನಮಗೆ ಅಪರಿಚಿತಳೇ? ಗಂಡನ ಒಂದು ಮಾತಿನಿಂದ ಅತಂತ್ರಳಾದ ಖೌಲಾ(ರ) ಪ್ರವಾದಿ(ಸ)ಯವರ ಮುಂದೆ ನಿಂತು ವಾದಿಸಿದರು. ಅವರ ಅಳಲಿಗೆ ಉತ್ತರವಾಗಿ 58ನೆಯ ಅಧ್ಯಾಯ ತೆರೆದುಕೊಂಡಿತು. ಅದರ ಹೆಸರು 'ಅಲ್ ಮುಜಾದಲ'. ಗಂಡನೊಂದಿಗೆ ಬಾಳಲಾರೆನೆಂದ ಸಾಬಿತ್ ಬಿನ್ ಖೈಸ್(ರ)ರ ಪತ್ನಿ, ಮಹ್ರ್ ಆಗಿ ಬಂದ ತೋಟವನ್ನು ಮರಳಿಸಿ ಬಿಡುಗಡೆ ಪಡೆದರು. ಖುಲಾದ ಈ ಹಕ್ಕನ್ನು ನಮ್ಮ ಎಷ್ಟು ಮದುವೆಗಳಲ್ಲಿ ವಧುವಿಗೆ ತಿಳಿಸಲಾಗುತ್ತದೆ? ತಲಾಕ್‌ನ ನಿಯಮ ಬಾಯಿಪಾಠವಿರುವ ಗಂಡಸರಿಗೆ ಖುಲಾ ಎಂದೊಡನೆ ಮರೆವು ಬರುವುದೇಕೆ?

ದೇಶದ ಕಾನೂನೂ ಬಾಗಿಲು ತೆರೆದಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಎಲ್ಲ ಧರ್ಮದ ಮಹಿಳೆಯರಿಗೂ ಅನ್ವಯಿಸುತ್ತಿದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅವಳಿಗೆ ಅಲ್ಲಿ ವಾಸಿಸುವ ಹಕ್ಕಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವು ಸಿಗುತ್ತದೆ. 181 ಸಹಾಯವಾಣಿಗೆ ಕರೆ ಮಾಡಲು ಹಣ ಬೇಕಿಲ್ಲ. ಬೇಕಾದದ್ದು, ಅವಳು ಕರೆ ಮಾಡಿದ ಮರುದಿನ "ಮನೆತನದ ಮಾನ ಕಳೆದಳು" ಎನ್ನದ ಊರು.

ಆದ್ದರಿಂದ ಅಂಜುಮನ್‌ಗಳ ಹಿರಿಯರಲ್ಲಿ ಒಂದು ವಿನಂತಿ. ಸಿನೆಮಾ ನಿಷೇಧದ ಠರಾವು ಪಕ್ಕಕ್ಕಿರಲಿ. ವರ್ಷಕ್ಕೊಂದು ಜುಮಾ ಖುತ್ಬಾವನ್ನಾದರೂ ಹೊಡೆಯುವ ಗಂಡನನ್ನು ಉದ್ದೇಶಿಸಿ ಹೇಳಿ. ನಿಕಾಹ್‌ನ ದಿನವೇ ಖುಲಾದ ಹಕ್ಕನ್ನು ವಧುವಿಗೆ ಓದಿ ಹೇಳಿ. ಪಂಚಾಯಿತಿಯಲ್ಲಿ ಅವಳ ಮಾತು ಕೇಳಲು ಇಬ್ಬರು ಮಹಿಳೆಯರನ್ನು ಕೂರಿಸಿ. "ಸ್ವಲ್ಪ ತಾಳಿಕೋ ಬೇಟಿ" ಎಂದು ಮೈಮೇಲಿನ ಬಾಸುಂಡೆಯೊಂದಿಗೇ ಅವಳನ್ನು ಹಿಂದಕ್ಕೆ ಕಳುಹಿಸುವ ರೂಢಿಯನ್ನು ಬಿಡಿ.

ಅಂದು ಒಳಕೋಣೆಯಲ್ಲಿದ್ದ ಹೆಣ್ಣುಮಕ್ಕಳಾರೂ ಗಂಡನನ್ನು ಕಟ್ಟಿಹಾಕಲು ಹೊರಟವರಲ್ಲ. ಅವರು ನೋಡಲು ಬಯಸಿದ್ದು, ಹೊಡೆಯುವ ಕೈಯನ್ನು ಯಾರಾದರೂ ಒಮ್ಮೆ ಹಿಡಿದು ನಿಲ್ಲಿಸುವುದನ್ನು. ಆ ಕೆಲಸವನ್ನು ಪಡಸಾಲೆಯಲ್ಲಿದ್ದ ನಾವು ಮಾಡಿದ್ದರೆ, ಮೊಬೈಲಿನಲ್ಲಿ ಅದನ್ನು ಹುಡುಕುವ ಅಗತ್ಯ ಅವರಿಗೇನಿತ್ತು?