ಮತ್ಸ್ಯಗಂಧಿಯ ಮಗನ ಗೋತ್ರ

ಈಚೆಗೆ ಶ್ರೀಮಠದ ಸನ್ನಿಧಿಯಲ್ಲಿ ಒಂದು ವಿವಾಹದ ಮಾತುಕತೆ ನಡೆಯಿತು. ಕನ್ಯೆಯು ಸುಶೀಲೆ, ವಿದ್ಯಾವಂತೆ. ಶೈಶವದಿಂದಲೂ ಸಾಕಿದ ತಂದೆತಾಯಿಗಳ ಮನೆಯಲ್ಲಿ ಬೆಳೆದವಳು. ಎಲ್ಲವೂ ಒಪ್ಪಿಗೆಯಾದ ಮೇಲೆ ವರನ ಕಡೆಯ ಹಿರಿಯರೊಬ್ಬರು, "ಹೆತ್ತವರು ಯಾರೆಂದು ತಿಳಿಯದೆ ಗೋತ್ರವನ್ನು ಹೇಗೆ ಹೇಳುವುದು ಬುದ್ಧಿ? ಋಷಿಗಳಿಂದ ಇಳಿದು ಬಂದ ವಂಶಶುದ್ಧಿಯನ್ನು ನಾವು ಕೆಡಿಸಬಾರದಲ್ಲ!" ಎಂದರು. ಸಂಬಂಧವು ಅಲ್ಲಿಗೇ ನಿಂತಿತು. ಆ ಹಿರಿಯರು ನಮ್ಮ ಪ್ರಸಾದ ನಿಲಯದಲ್ಲಿ ಉಂಡು ಓದಿದವರೆಂಬುದು ನಮಗೆ ಹೆಚ್ಚಿನ ನೋವನ್ನು ತಂದಿದೆ.

ಋಷಿವಂಶದ ಹೆಸರಿನಲ್ಲಿ ಮಾತನಾಡುವವರು ಆ ವಂಶದ ಕಥೆಯನ್ನು ಪೂರ್ತಿಯಾಗಿ ಓದಿರುವರೇ? ವಸಿಷ್ಠ, ಶಕ್ತಿ, ಪರಾಶರ, ವ್ಯಾಸ. ಇದಕ್ಕಿಂತ ಹಿರಿದಾದ ವಂಶವನ್ನು ಯಾರೂ ತೋರಿಸಲಾರರು. ಮೂಲಪುರುಷರಾದ ವಸಿಷ್ಠರು ಮಿತ್ರಾವರುಣರಿಂದ, ಊರ್ವಶಿಯ ನಿಮಿತ್ತವಾಗಿ ಜನಿಸಿದರೆಂದು ಋಗ್ವೇದದ 7ನೆಯ ಮಂಡಲವೇ ಹೇಳುತ್ತದೆ. ಅವರ ಕೈಹಿಡಿದ ಅಕ್ಷಮಾಲೆಯು ಕೀಳು ಯೋನಿಯಲ್ಲಿ ಹುಟ್ಟಿಯೂ ಪೂಜ್ಯಳಾದಳೆಂದು ಒಪ್ಪಿಕೊಂಡಿರುವುದು ಯಾವ ಸುಧಾರಕರ ಗ್ರಂಥವೂ ಅಲ್ಲ, ಮನುಸ್ಮೃತಿ!

ಮುಂದಿನ ಕಥೆಯು ಮಹಾಭಾರತದ ಆದಿಪರ್ವದಲ್ಲಿದೆ. ಶಕ್ತಿಯು ಕಲ್ಮಾಷಪಾದ ರಾಜನನ್ನು ರಾಕ್ಷಸನಾಗೆಂದು ಶಪಿಸಿ, ಅವನಿಗೇ ಮೊದಲ ತುತ್ತಾದನು. ಉಳಿದ ತಮ್ಮಂದಿರೂ ಹಾಗೆಯೇ ಅಳಿದರು. ಪುತ್ರಶೋಕವನ್ನು ತಾಳಲಾರದ ವಸಿಷ್ಠರು ಪರ್ವತಶಿಖರದಿಂದ ಬಿದ್ದರು, ಸಾಯಲಿಲ್ಲ. ಬೆಂಕಿಯನ್ನು ಹೊಕ್ಕರು, ಅದು ಸುಡಲಿಲ್ಲ. ಮೈಗೆ ಹಗ್ಗ ಬಿಗಿದುಕೊಂಡು ನದಿಗೆ ಹಾರಿದರೆ ಆ ನದಿಯು ಪಾಶಗಳನ್ನು ಬಿಚ್ಚಿ ದಡಕ್ಕೆ ತಂದಿತು. ಅಂದಿನಿಂದ ಅದು ವಿಪಾಶಾ ಎನಿಸಿತು. ಸಾವೂ ಒಲ್ಲೆನೆಂದಾಗ ಆಶ್ರಮದ ಕಡೆಗೆ ಮರಳುತ್ತಿದ್ದ ಅವರಿಗೆ ಬೆನ್ನ ಹಿಂದೆ ವೇದಘೋಷ ಕೇಳಿಸಿತು. ತಿರುಗಿ ನೋಡಿದರೆ ವಿಧವೆಯಾದ ಸೊಸೆ ಅದೃಶ್ಯಂತಿ. ಹನ್ನೆರಡು ವರ್ಷಗಳಿಂದ ಅವಳ ಗರ್ಭದಲ್ಲಿದ್ದ ಶಿಶುವು ವೇದವನ್ನು ಉಚ್ಚರಿಸುತ್ತಿತ್ತು. ಆ ಶಿಶುವೇ ಪರಾಶರ. ಮುದುಕನ ಪ್ರಾಣವನ್ನೂ ವಂಶವನ್ನೂ ಉಳಿಸಿದವಳು ಆ ಸೊಸೆ. ಪರಾಶರಗೋತ್ರದವರ ಪ್ರವರದಲ್ಲಿ ವಸಿಷ್ಠ, ಶಕ್ತಿ, ಪರಾಶರರ ಹೆಸರುಗಳಿವೆ, ಅವಳ ಹೆಸರಿಲ್ಲ. ಹೆಸರಿಗೆ ತಕ್ಕಂತೆ ಪ್ರವರದಲ್ಲಿಯೂ ಅದೃಶ್ಯಳೇ ಆದಳು!

ಇನ್ನು ವ್ಯಾಸರು. ತಾಯಿ ಸತ್ಯವತಿ ಯಮುನೆಯಲ್ಲಿ ದೋಣಿ ನಡೆಸುತ್ತಿದ್ದ ಬೆಸ್ತರ ಕನ್ಯೆ. ಹೀಗೆಂದೊಡನೆ ಕುಲಾಭಿಮಾನಿಗಳು ಉಪರಿಚರವಸುವನ್ನು ಎಳೆತಂದು, "ಅವಳು ವಾಸ್ತವವಾಗಿ ರಾಜಪುತ್ರಿ" ಎನ್ನುತ್ತಾರೆ. ನಮ್ಮೆದುರಿಗೂ ಆ ಹಿರಿಯರು ಇದನ್ನೇ ಹೇಳಿದರು. ಆಗಲಿ, ಆ ರಾಜನು ಮಾಡಿದ್ದೇನು? ಮೀನಿನ ಒಡಲಿನಲ್ಲಿ ಒಂದು ಗಂಡು, ಒಂದು ಹೆಣ್ಣು ದೊರೆತಾಗ ಗಂಡನ್ನು ತಾನಿಟ್ಟುಕೊಂಡನು. ಮೀನಿನ ನಾತ ಸೂಸುತ್ತಿದ್ದ ಹೆಣ್ಣನ್ನು ಬೆಸ್ತನಿಗೆ ಕೊಟ್ಟುಬಿಟ್ಟನು. ಗಂಡು ಮತ್ಸ್ಯರಾಜನಾದನು, ಹೆಣ್ಣು ಹುಟ್ಟುಗೋಲು ಹಿಡಿದಳು. ಅವಳಿಗೆ ಅನ್ನವಿಕ್ಕಿದವನು ಬೆಸ್ತ. ಶಂತನುವಿನಂತಹ ಚಕ್ರವರ್ತಿಯು ಕನ್ಯೆಯನ್ನು ಬೇಡಿ ಬಂದಾಗ ಅವಳ ಮಗನಿಗೇ ಪಟ್ಟವಾಗಬೇಕೆಂದು ಎದೆಗೊಟ್ಟು ನಿಂತವನೂ ಬೆಸ್ತನೇ. ಹಡೆದು ಬಿಟ್ಟವನ ರಕ್ತವನ್ನು ಎಣಿಸಿ, ಸಾಕಿದವನ ಮನೆಯನ್ನು ಮರೆಸುವ ಈ ವಿದ್ಯೆಯನ್ನು ಯಾವ ಶಾಸ್ತ್ರವು ಕಲಿಸಿತು?

ಶಾಸ್ತ್ರವಂತೂ ಕಲಿಸಿಲ್ಲ. ದತ್ತಕನಾಗಿ ಹೋದ ಮಗನಿಗೆ ಹೆತ್ತ ತಂದೆಯ ಗೋತ್ರವೂ ಆಸ್ತಿಯೂ ಸಲ್ಲವೆಂಬುದು ಅದೇ ಮನುಸ್ಮೃತಿಯ 9ನೆಯ ಅಧ್ಯಾಯದ ಮಾತು. ಹೆತ್ತ ತಂದೆಯೇ ಗೋವುಗಳಿಗಾಗಿ ಮಾರಿದ ಶುನಃಶೇಪನನ್ನು ವಿಶ್ವಾಮಿತ್ರರು ಮಗನೆಂದು ಸ್ವೀಕರಿಸಿ ದೇವರಾತನೆಂದು ಕರೆದರು. ಆ ಸಾಕುಮಗನ ಹೆಸರು ಇಂದಿಗೂ ಕೌಶಿಕರ ಪ್ರವರದಲ್ಲಿದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಕ್ಷತ್ರಿಯರಿಗೂ ವೈಶ್ಯರಿಗೂ ಸ್ವಂತ ಗೋತ್ರವಿಲ್ಲ, ಪುರೋಹಿತನ ಗೋತ್ರವೇ ಅವರದೆಂದನು. ಪುರೋಹಿತನಿಂದ ಎರವಲು ಬರುವ ವಸ್ತುವು ರಕ್ತವಾಗುವುದು ಹೇಗೆ? ಇದೆಲ್ಲವೂ ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ವ್ಯಾಸರ ತಾಯಿಯ ಕುಲವನ್ನು ಬಯಲಿನಲ್ಲಿ ಹೇಳಿದರು. ನಾವು ವಚನವನ್ನು ಹಾಡುತ್ತೇವೆ, ಮದುವೆಯ ಮಾತಿಗೆ ಕುಳಿತಾಗ ಮರೆಯುತ್ತೇವೆ.

ಆ ಹಿರಿಯರು ಈ ಪತ್ರಿಕೆಯ ಚಂದಾದಾರರು. ಮೇಲಿನ ಮಾತುಗಳಲ್ಲಿ ತಪ್ಪಿದ್ದರೆ ಅವರು ಗ್ರಂಥಾಧಾರದೊಡನೆ ಬರೆದು ಕಳುಹಿಸಲಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಕನ್ಯೆಯ ಸಾಕುತಂದೆಯವರು ಇನ್ನೂ ಬೇರೆ ಕಡೆ ಮಾತು ಕೊಟ್ಟಿಲ್ಲ.