ನಾಣ್ಯವಿಲ್ಲದ ನಾಣ್ಯಗಳು

ನಮ್ಮ ಭಾಷೆಯಲ್ಲಿ ನಾಣ್ಯವೆಂಬ ಶಬ್ದಕ್ಕೆ ಮುದ್ರೆಯೊತ್ತಿದ ಹಣವೆಂಬುದೊಂದು ಅರ್ಥ, ಯೋಗ್ಯತೆಯೆಂಬುದು ಇನ್ನೊಂದು. ಬಳ್ಳಾರಿ ಸೀಮೆಯ ವಿದ್ಯಾವಂತ ಗೃಹಗಳಲ್ಲಿ ನಡೆಯುತ್ತಿರುವ ಪುರಾತನ ನಾಣ್ಯಸಂಗ್ರಹವು ಮೊದಲನೆಯ ಅರ್ಥವನ್ನು ಹಿಡಿದು ಎರಡನೆಯದನ್ನು ಕೈಬಿಟ್ಟಿದೆಯೆಂಬುದೇ ಈ ಲೇಖನದ ಆಕ್ಷೇಪಣೆ.

ಮೊದಲು ಪೆಟ್ಟಿಗೆಯೊಳಗೆ ಇರುವುದೇನೆಂಬುದನ್ನು ನೋಡೋಣ. ಎಷ್ಟೋ ಮನೆಗಳಲ್ಲಿ ಅಗ್ರಸ್ಥಾನವು ರಾಮಟಂಕೆಗೆ ಸಲ್ಲುತ್ತದೆ. ಒಂದು ಮುಖದಲ್ಲಿ ಪಟ್ಟಾಭಿಷೇಕ, ಇನ್ನೊಂದರಲ್ಲಿ ಬಿಲ್ಲು ಹಿಡಿದ ರಾಮಲಕ್ಷ್ಮಣರು. ಇದು ಬಹುಮಟ್ಟಿಗೆ ಪೂಜೆಗೂ ಯಾತ್ರೆಯ ಸ್ಮರಣೆಗೂ ಮಾಡಿದ ಬಿಲ್ಲೆಯೇ ಹೊರತು ಪೇಟೆಯಲ್ಲಿ ನಡೆದ ಹಣವಲ್ಲ. ಇದಕ್ಕಿಂತಲೂ ವಿಚಿತ್ರವಾದುದು ಒಂದು ಕಡೆ ದೇವರನ್ನೂ ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪೆನಿ, ಅರ್ಧ ಆಣೆ, 1616’ ಎಂಬ ಇಂಗ್ಲಿಷ್ ಅಕ್ಷರಗಳನ್ನೂ ಹೊತ್ತ ತಾಮ್ರದ ಬಿಲ್ಲೆ. 1616ರಲ್ಲಿ ಕಂಪೆನಿಯವರ ಹಿತಕ್ಕಾಗಿ ಸರ್ ಥಾಮಸ್ ರೋ ಎಂಬ ರಾಯಭಾರಿಯು ಜಹಾಂಗೀರನ ಆಸ್ಥಾನದಲ್ಲಿ ವ್ಯಾಪಾರದ ಅನುಮತಿಗಾಗಿ ಕೈಕಟ್ಟಿ ನಿಂತಿದ್ದನು. ಅನುಮತಿಯನ್ನು ಬೇಡುತ್ತಿದ್ದ ವರ್ತಕರು ಆಣೆಯನ್ನು ಅಚ್ಚು ಹಾಕಿಸಿದರೆಂದು ನಂಬುವ ಪದವೀಧರನ ವಿದ್ಯೆಗೆ ಏನೆನ್ನಬೇಕು!

“ಕಂಪೆನಿಯವರೂ ದೇವರ ಪ್ರತಿಮೆಯನ್ನು ಅಚ್ಚು ಹಾಕಿಸಿದ್ದುಂಟಷ್ಟೆ?” ಎಂದು ಕೆಲವರು ಕೇಳಿಯಾರು. ಉಂಟು. ಮದರಾಸಿನಲ್ಲಿ ಅವರು ಈ ದೇಶದ ವರಾಹವನ್ನು ಅನುಕರಿಸಿ ಮೂರು ಸ್ವಾಮಿಗಳ ಮುದ್ರೆಯ ಪಗೋಡವನ್ನು ಹೊರಡಿಸಿದರು. ಆದರೆ ಅದು ಚಿನ್ನದ ಪುಟ್ಟ ನಾಣ್ಯ. ನಮ್ಮವರು ಕೊಂಡು ತರುವ ದಪ್ಪ ತಾಮ್ರದ ಬಿಲ್ಲೆಗೂ ಅದಕ್ಕೂ ಯಾವ ನಂಟೂ ಇಲ್ಲ. ಭಕ್ತಿಯಿಂದ ರಾಮಟಂಕೆಯನ್ನು ಪೂಜಿಸುವವರೊಡನೆ ನಮಗೆ ಜಗಳವಿಲ್ಲ. ಭಕ್ತಿಯನ್ನು ಚರಿತ್ರೆಯೆಂದು ಮಾರುವವರೊಡನೆ ಮಾತ್ರ ಜಗಳ. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ದೊರೆಯುವುದೆಂಬ ವಂಚನೆಯ ವಿಷಯದಲ್ಲಿ 2021ರಲ್ಲಿ ರಿಸರ್ವ್ ಬ್ಯಾಂಕೇ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು.

ಸುಳ್ಳು ನಾಣ್ಯದಿಂದ ಕೊಂಡವನ ಹಣವೊಂದೇ ಹಾಳು. ನಿಜವಾದ ನಾಣ್ಯವನ್ನು ಬಚ್ಚಿಡುವುದರಿಂದ ನಾಡಿನ ನೆನಪೇ ಹಾಳಾಗುತ್ತದೆ. ನಮ್ಮದು ದೊರೆತನಗಳು ಬೇಗಬೇಗನೆ ಬದಲಾದ ಸೀಮೆ. ಕುರುಗೋಡು ಸಿಂದರ ರಾಜಧಾನಿ. ಅವರ ಕಾಲದ ದಾನಗಳು ಗದ್ಯಾಣದ ಲೆಕ್ಕದಲ್ಲಿ ನಡೆದವು. ತರುವಾಯ ವಿಜಯನಗರದ ವರಾಹ ಬಂದಿತು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ವರಾಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲಾದ ಹಣ ಇವುಗಳನ್ನು ವರ್ಣಿಸಿದ್ದಾನೆ. ಅಚ್ಯುತರಾಯನ ನಾಣ್ಯದಲ್ಲಿ ಗಂಡಭೇರುಂಡವು ಆನೆಗಳನ್ನು ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಹಿಡಿದಿದೆ. ಇನ್ನು ಟಿಪ್ಪುವಿನ ಕೈಯಿಂದ ಬಳ್ಳಾರಿಯು 1792ರಲ್ಲಿ ನಿಜಾಮನಿಗೂ 1800ರಲ್ಲಿ ಕಂಪೆನಿಗೂ ಸೇರಿತು. ಎಂಟು ವರ್ಷಗಳಲ್ಲಿ ಮೂರು ಸರಕಾರ!

ಈಗ ಆಲೋಚಿಸಿರಿ. ಸಿರುಗುಪ್ಪದ ಹೊಲವೊಂದರಲ್ಲಿ ಒಂದೇ ಗಡಿಗೆಯೊಳಗೆ ಟಿಪ್ಪುವಿನ ಆನೆಯ ದುಡ್ಡು, ನಿಜಾಮನ ಹಣ, ಕಂಪೆನಿಯ ಕಾಸು ಕೂಡಿ ದೊರೆತವೆನ್ನಿ. ದೊರೆ ಬದಲಾದರೂ ಒಕ್ಕಲಿಗನು ಯಾವ ಹಣವನ್ನು ನಂಬಿದನು, ಸಂತೆಯಲ್ಲಿ ಯಾವುದು ಚಲಾವಣೆಯಲ್ಲಿ ಉಳಿಯಿತು ಎಂಬುದನ್ನು ಆ ಗಡಿಗೆಯು ಹೇಳುತ್ತದೆ. ಅದನ್ನು ಮೂವರು ಹಂಚಿಕೊಂಡು ಮೂರು ಪೆಟ್ಟಿಗೆಗಳಲ್ಲಿ ಇಟ್ಟರೆ ಉಳಿಯುವುದು ಮೂರು ತುಂಡು ಲೋಹ. ನಾಣ್ಯದ ಬೆಲೆಯು ಅರ್ಧ ಅದರ ಮುದ್ರೆಯಲ್ಲಿದೆ, ಇನ್ನರ್ಧ ಅದು ದೊರೆತ ಮಣ್ಣಿನಲ್ಲಿದೆ. ಕೊಳ್ಳುವವನು ಮಣ್ಣಿನ ಪಾಲನ್ನು ಕೇಳುವುದಿಲ್ಲ, ಮಾರುವವನು ಹೇಳುವುದಿಲ್ಲ.

“ದುಡ್ಡು ಕೊಟ್ಟು ಕೊಂಡೆನು, ನನ್ನ ಸ್ವತ್ತು” ಎಂಬ ವಾದಕ್ಕೆ ಕಾನೂನೇ ಉತ್ತರ ಕೊಡುತ್ತದೆ. ನೆಲದಲ್ಲಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವು ಪುರಾತನ ವಸ್ತು, ಅದನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸಕೂಡದು. ತಿಳಿಸಿದರೆ ಕಚೇರಿಗೆ ಅಲೆದಾಟವೇ ಗತಿಯೆಂಬ ರೈತನ ಭಯವು ನಿರಾಧಾರವಲ್ಲ. ಅಧಿಕಾರಿಗಳು ಅವನನ್ನು ಕಳ್ಳನಂತೆ ಕಾಣದೆ, ಸಲ್ಲಬೇಕಾದುದನ್ನು ತಡಮಾಡದೆ ಸಲ್ಲಿಸಬೇಕು. ಆದರೆ ಆ ಭಯವನ್ನು ಓದಿದವರು ತಮ್ಮ ಲೋಭಕ್ಕೆ ಹೊದಿಕೆಯಾಗಿ ಮಾಡಿಕೊಳ್ಳುವುದು ನಾಚಿಕೆಗೇಡು.

ಹಾಗಾದರೆ ಸಂಗ್ರಹವೇ ಬೇಡವೋ? ಬೇಕು. ಹಿರಿಯರಿಂದ ಬಂದ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿರಿ, ಅಕ್ಷರಗಳು ಸವೆದುಹೋಗುತ್ತವೆ. ಸರಕ್ಕೆ ಪೋಣಿಸಲು ತೂತು ಕೊರೆಯಬೇಡಿರಿ. ಒಂದೊಂದಕ್ಕೂ ಒಂದು ಚೀಟಿಯನ್ನಿಟ್ಟು ತೂಕವನ್ನೂ ಯಾರಿಂದ, ಯಾವ ಊರಿನಿಂದ, ಯಾವಾಗ ಬಂದಿತೆಂಬುದನ್ನೂ ಬರೆಯಿರಿ. ಸಂದೇಹ ಬಂದರೆ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿರುವ ವಿಜಯನಗರದ ನಾಣ್ಯಗಳೊಡನೆ ಹೋಲಿಸಿ ನೋಡಿರಿ. ನೂರು ಬಿಲ್ಲೆಗಳ ಪೆಟ್ಟಿಗೆಗಿಂತ ಚೀಟಿಯಿರುವ ಒಂದು ಕಾಸು ಮೇಲು. ಆ ಚೀಟಿಯನ್ನು ಬರೆಯಲೊಲ್ಲದವನು ಸಂಗ್ರಾಹಕನಲ್ಲ, ಬರಿಯ ಗಿರಾಕಿ.