ಹಳೆಯ ಗಾಡಿಗೆ ಮೊದಲು ಕಾಗದದ ದುರಸ್ತಿ



ನಿವೃತ್ತನಾದ ಮೇಷ್ಟರ ಮನೆಗೆ ಜನ ಸಾಮಾನ್ಯವಾಗಿ ಎರಡು ಕಾರಣಕ್ಕೆ ಬರುತ್ತಾರೆ: ಮಕ್ಕಳನ್ನು ಯಾವ ಕೋರ್ಸಿಗೆ ಸೇರಿಸಬೇಕೆಂದು ಕೇಳಲು, ಇಲ್ಲವೇ ಒಂದು ಅರ್ಜಿ ಬರೆಸಿಕೊಳ್ಳಲು. ಈಚಿನ ವರ್ಷಗಳಲ್ಲಿ ಮೂರನೆಯ ಕಾರಣವೊಂದು ಸೇರಿಕೊಂಡಿದೆ. "ಸಾರ್, ಒಂದು ಹಳೇ ಗೂಡ್ಸ್ ಗಾಡಿ ನೋಡಿದ್ದೀನಿ, ತಗೊಳ್ಳಲಾ?" ಎಂದು ಕೇಳುತ್ತಾರೆ. ಕಾಮಾಕ್ಷಿಪಾಳ್ಯ, ಮೂಡಲಪಾಳ್ಯ, ಕೆಂಗೇರಿ ಕಡೆಯ ಹಳೆಯ ವಿದ್ಯಾರ್ಥಿಗಳು ಒಬ್ಬರ ಹಿಂದೆ ಒಬ್ಬರು ಇದೇ ಪ್ರಶ್ನೆ ತಂದಿದ್ದಾರೆ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಎಂಜಿನಿನ ವಿದ್ಯೆ ಎಲ್ಲಿಂದ ಬರಬೇಕು? ಆದರೆ ಲೆಕ್ಕ ಹಾಕಲು ಬರುತ್ತದೆ, ಕಾಗದಪತ್ರ ಓದಲು ಬರುತ್ತದೆ. ಈ ವ್ಯವಹಾರದಲ್ಲಿ ಮುಖ್ಯವಾಗಿ ಬೇಕಾದದ್ದು ಅವೆರಡೇ ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಆ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಂತ ದುಡಿಮೆಯನ್ನು ಆರಂಭಿಸುವವನು ದೊಡ್ಡ ಸಾಲ ಮಾಡಿ ಹೊಸ ಗಾಡಿ ಕೊಳ್ಳುವುದಕ್ಕಿಂತ, ಹಳೆಯದೊಂದನ್ನು ಕೊಂಡು ದುರಸ್ತಿ ಮಾಡಿಸಿಕೊಳ್ಳುವುದು ವಿವೇಕದ ದಾರಿ. ಆದರೆ ಆ ದುರಸ್ತಿ ಆರಂಭವಾಗಬೇಕಾದದ್ದು ಆರ್.ಸಿ.ಯಲ್ಲಿ, ಗ್ಯಾರೇಜಿನ ಸರದಿ ಅದರ ನಂತರ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ಗಾಡಿಯನ್ನೂ, ಅದಕ್ಕೆ ಸುರಿದ ಹಣವನ್ನೂ ಒಟ್ಟಿಗೆ ಕಳೆದುಕೊಳ್ಳುವ ಸಂಭವವಿದೆ.

ಸಣ್ಣ ಸರಕು ಗಾಡಿ ನಮ್ಮ ಭಾಗದ ಜನಕ್ಕೆ ಹೊಸದೇನಲ್ಲ. 'ಟೆಂಪೋ' ಎಂಬ ಪದವನ್ನು ಕನ್ನಡದ್ದೇ ಎಂಬಷ್ಟು ಸಲೀಸಾಗಿ ನಾವು ಬಳಸುತ್ತೇವೆ. ಮೂಲತಃ ಅದು ಜರ್ಮನಿಯ ಹ್ಯಾಂಬರ್ಗಿನ ಕಂಪನಿಯೊಂದರ ವಾಹನದ ಹೆಸರು. 1958ರಲ್ಲಿ ಆರಂಭವಾದ ಬಜಾಜ್ ಟೆಂಪೋ ಕಂಪನಿ (2005ರಿಂದ ಅದರ ಹೆಸರು ಫೋರ್ಸ್ ಮೋಟಾರ್ಸ್) ಆ ಮೂರು ಚಕ್ರದ ಗಾಡಿಯನ್ನು ನಮ್ಮ ದೇಶದಲ್ಲಿ ತಯಾರಿಸಿತು. ಅನಂತರ ಮೆಟಡೋರ್ ಬಂದಿತು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳ ಸರಕು, ಮದುವೆ ಮನೆಯ ಪಾತ್ರೆ, ಗಣೇಶನ ಮೆರವಣಿಗೆ ಎಲ್ಲವನ್ನೂ ಹೊತ್ತದ್ದು ಇವೇ. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂದಾಗ ಚಿತ್ರವೇ ಬದಲಾಯಿತು. ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನನ್ನು ಅರ್ಧ ಮಾಡಿದಂತಿದ್ದ, ಎರಡು ಸಿಲಿಂಡರಿನ 702 ಸಿ.ಸಿ. ಎಂಜಿನು, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ, ಬೆಲೆ ಸುಮಾರು ಎರಡೂಕಾಲು ಲಕ್ಷ. ಉತ್ತರದವರು ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಆಟೋ ಓಡಿಸುತ್ತಿದ್ದವನು ನಾಲ್ಕು ಚಕ್ರದ ಮಾಲೀಕನಾದದ್ದು ಆಗ. ಆ ಪೀಳಿಗೆಯ ಗಾಡಿಗಳೇ ಇಂದು ಮೂರು ನಾಲ್ಕು ಕೈ ಬದಲಾಯಿಸಿ, ಮಾಗಡಿ ರಸ್ತೆಯ ಬದಿಯಲ್ಲಿ ಬಣ್ಣ ಬಳಿಸಿಕೊಂಡು ಮಾರಾಟಕ್ಕೆ ನಿಂತಿವೆ.

ನನ್ನ ಮಾತಿಗೆ ಆಧಾರವಾಗಿ ಒಬ್ಬ ಹುಡುಗನ ಲೆಕ್ಕವನ್ನು ಹೇಳುತ್ತೇನೆ. ಹೆಸರು ಬೇಡ; ಅವನ ತರಗತಿಯವರು ಊಹಿಸಿಕೊಂಡರೆ ನನ್ನ ಆಕ್ಷೇಪಣೆಯಿಲ್ಲ. ಯಶವಂತಪುರ, ದಾಸನಪುರಗಳ ಮಾರುಕಟ್ಟೆ ಪ್ರಾಂಗಣದಿಂದ ಈರುಳ್ಳಿ, ಆಲೂಗಡ್ಡೆ ತಂದು ನಮ್ಮ ಕಡೆಯ ಅಂಗಡಿಗಳಿಗೆ ಹಂಚುವುದು ಅವನ ಕಸುಬು. ಗಾಡಿ ಬಾಡಿಗೆಯದು. ಡೀಸೆಲ್ ಬಿಟ್ಟು ದಿನಕ್ಕೆ 800 ರೂಪಾಯಿ. ತಿಂಗಳಿಗೆ 26 ದಿನವಾದರೆ 20,800 ರೂಪಾಯಿ. ಅವನು ನೋಡಿದ್ದ 2012ರ ಮಾದರಿಯ ಗಾಡಿಗೆ 1,35,000 ರೂಪಾಯಿ. ಎಂಜಿನ್ ಕೆಲಸಕ್ಕೆ 38,000, ತಳಹಾಸಿನ ಟಿಂಕರಿಂಗ್ ಮತ್ತು ಬಣ್ಣಕ್ಕೆ 17,000, ಟೈರು ಮತ್ತು ಬ್ಯಾಟರಿಗೆ 21,000. ಒಟ್ಟು 2,11,000. ಅಂದರೆ ಹತ್ತು ತಿಂಗಳ ಬಾಡಿಗೆಗಿಂತ ಸ್ವಲ್ಪ ಹೆಚ್ಚು. ವಿಮೆ, ಸಣ್ಣಪುಟ್ಟ ರಿಪೇರಿಗಳನ್ನೆಲ್ಲ ಸೇರಿಸಿಕೊಂಡರೂ ಒಂದೂವರೆ ವರ್ಷದಲ್ಲಿ ಗಾಡಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಹತ್ತನೆಯ ತರಗತಿಯಲ್ಲಿ ಲಾಭ ನಷ್ಟದ ಲೆಕ್ಕವೆಂದರೆ ಬೆವರುತ್ತಿದ್ದ ಹುಡುಗ ಇದನ್ನು ಚೀಟಿಯೊಂದರಲ್ಲಿ ತಪ್ಪಿಲ್ಲದೆ ಬರೆದು ತಂದಿದ್ದ. ಮುಂಗಡಕ್ಕಾಗಿ ತಾಯಿಯ ಬಳೆಗಳು ಆಗಲೇ ಗಿರವಿ ಅಂಗಡಿ ಸೇರಿದ್ದವು.

ಚೀಟಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: "ಹೆಸರು ಬದಲಾಯಿಸದೇ ಇದ್ದರೆ 15,000 ಕಡಿಮೆ." ನಾನು ಹೆಚ್ಚು ಹೊತ್ತು ನೋಡಿದ್ದು ಆ ಸಾಲನ್ನೇ.

ಮಾರುವವನ ಹೆಸರೊಂದು, ಆರ್.ಸಿ.ಯಲ್ಲಿದ್ದ ಹೆಸರೇ ಮತ್ತೊಂದು. ಮೂಲ ಮಾಲೀಕ ಮಾಗಡಿ ಕಡೆಯವರು. ಅವರು 29 ಮತ್ತು 30ನೆಯ ನಮೂನೆಗಳಿಗೆ ಖಾಲಿಯಾಗಿಯೇ ಸಹಿ ಹಾಕಿ ಗಾಡಿ ಕೊಟ್ಟಿದ್ದರು. ಆ ಸಹಿಯ ಕಾಗದಗಳು ಗಾಡಿಯ ಜೊತೆಯಲ್ಲಿಯೇ ಇಬ್ಬರ ಕೈ ದಾಟಿದ್ದವು. ಆರ್.ಸಿ.ಯಲ್ಲಿ ಸಾಲ ಕೊಟ್ಟ ಸಂಸ್ಥೆಯೊಂದರ ಹೆಸರೂ ಹಾಗೆಯೇ ಇತ್ತು. ಎಫ್.ಸಿ. ಮುಗಿದು ಏಳು ತಿಂಗಳಾಗಿತ್ತು. "ಯಾರು ಕೇಳ್ತಾರೆ ಸಾರ್, ಎಲ್ಲರೂ ಹೀಗೇ ಓಡಿಸೋದು" ಎಂಬುದು ನಡುವಿನ ದಲ್ಲಾಳಿಯ ಸಮಾಧಾನ.

ಯಾರು ಕೇಳುತ್ತಾರೆ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿ 6ರಂದು ಸ್ಪಷ್ಟವಾದ ಉತ್ತರ ಕೊಟ್ಟಿದೆ. ಆ ಪ್ರಕರಣದ ವಾಹನವನ್ನು ಅದರ ನೋಂದಾಯಿತ ಮಾಲೀಕ 2007ರಲ್ಲಿಯೇ ಮಾರಿದ್ದಾಗಿ ಹೇಳಿದ್ದರು. ಅನಂತರ ಅದು ಕೈಯಿಂದ ಕೈಗೆ ಹೋಯಿತು. ನೋಂದಣಿ ಮಾತ್ರ ಬದಲಾಗಲಿಲ್ಲ. 2009ರ ಮೇ ತಿಂಗಳಲ್ಲಿ ಹಿಂದಕ್ಕೆ ತೆಗೆಯುವಾಗ ಅದು ಒಬ್ಬ ಮಹಿಳೆಗೂ ಒಬ್ಬ ಬಾಲಕನಿಗೂ ಬಡಿದು, ಬಾಲಕ ಮೃತಪಟ್ಟ. ವಾಹನಕ್ಕೆ ವಿಮೆ ಇರಲಿಲ್ಲ. ಪರಿಹಾರ ಕೊಡಬೇಕಾದವರು ಯಾರು? ಸಾಗರೋಪಾದಿಯಲ್ಲಿ ಕೈ ಬದಲಾಯಿಸಿದವರನ್ನೆಲ್ಲ ಹುಡುಕುವ ಹೊರೆಯನ್ನು ನೊಂದವರ ಮೇಲೆ ಹಾಕಲಾಗದು. ಕಾನೂನಿನ ದೃಷ್ಟಿಯಲ್ಲಿ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು ಎಂಬುದು ತೀರ್ಪಿನ ತಾತ್ಪರ್ಯ. ಮಾರಿ ಸುಮಾರು ಎರಡು ವರ್ಷವಾಗಿದ್ದ ಮನುಷ್ಯನ ತಲೆಯ ಮೇಲೆ ಹೊಣೆ ಬಿದ್ದಿತು.

ಇದನ್ನು ಓದಿ "ಹಾಗಾದರೆ ತೊಂದರೆ ಮಾರಿದವನಿಗೆ, ಕೊಂಡ ನನಗೇನು?" ಎಂದು ಆ ಹುಡುಗ ಕೇಳಿದ. ತರ್ಕ ಸರಿಯಾಗಿಯೇ ಇತ್ತು. ಆದರೆ ಮಗ್ಗುಲನ್ನು ಬದಲಾಯಿಸಿ ನೋಡಬೇಕು. ಕಾನೂನು ಮಾಗಡಿಯವರನ್ನೇ ಮಾಲೀಕರೆಂದು ಕರೆಯುವುದಾದರೆ, ಎರಡು ಲಕ್ಷ ಸುರಿದ ನೀನು ಯಾರು? ನಾಳೆ ಅವರು ತೀರಿಕೊಂಡು, ಮಕ್ಕಳು ಸಹಿ ಹಾಕೆವು ಎಂದರೆ? ಹಳೆಯ ಸಾಲದ ಕಂತು ಬಾಕಿಯಿದ್ದು, ಸಾಲ ಕೊಟ್ಟವರು ಮುಂಜಾನೆ ಬಂದು ಗಾಡಿಯನ್ನು ಎಳೆದುಕೊಂಡು ಹೋದರೆ? ಎಫ್.ಸಿ. ಮಾಡಿಸಲು, ವಿಮೆಯ ಹಣ ಕೇಳಲು, ಮುಂದೆ ಮಾರಲು ಯಾರ ಹೆಸರಿನಲ್ಲಿ ಅರ್ಜಿ ಹಾಕುತ್ತೀಯೆ? ಇನ್ನೊಬ್ಬರ ನಿವೇಶನದಲ್ಲಿ ಮನೆ ಕಟ್ಟಿದಂತಾಯಿತು ಇದು. ಹದಿನೈದು ಸಾವಿರ ಉಳಿಯುತ್ತದೆಂಬ ಆಸೆ, ಅಗ್ಗವೆಂದು ಮುಗ್ಗಲು ಜೋಳ ಕೊಂಡ ಗಾದೆಯ ಸಾಲಿಗೆ ಸೇರುತ್ತದೆ.

ನಿಯಮಗಳು ಕ್ಲಿಷ್ಟವೇನಲ್ಲ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್.ಟಿ.ಒ.ಗೆ ತಿಳಿಸಬೇಕು; ಕೊಂಡವರು 30 ದಿನದೊಳಗೆ. ಸಾಲ ತೀರಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೊಂದಿಗೆ 35ನೆಯ ನಮೂನೆ ಸಲ್ಲಿಸಿ ಅವರ ಹೆಸರನ್ನು ತೆಗೆಸಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನಿಗೆ 14 ದಿನಗಳ ಅವಧಿಯಿದೆ. ಸರಕು ತುಂಬಿದಾಗಲೂ ಒಟ್ಟು ತೂಕ 3,000 ಕಿಲೋ ಮೀರದ ಗಾಡಿಗೆ ಪರ್ಮಿಟ್ ಬೇಕಿಲ್ಲ, ಆದರೆ ಎಫ್.ಸಿ. ಬೇಕೇ ಬೇಕು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಅದನ್ನು ಪ್ರತಿವರ್ಷವೂ ನವೀಕರಿಸಬೇಕು. ಚಾಲನಾ ಪರವಾನಗಿಯ ಬಗ್ಗೆ ಮಾತ್ರ ಹುಡುಗರು ನಿಶ್ಚಿಂತರಾಗಿರಬಹುದು. ಲಘು ವಾಹನದ ಪರವಾನಗಿ ಇದ್ದವರು 7,500 ಕಿಲೋದೊಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿದ್ದನ್ನು, ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ.

ನಾವು ಮಾಡಿದ್ದಿಷ್ಟು. ಮುಂಗಡ ಕೊಡುವ ಮೊದಲು ಮಾಗಡಿಯ ಮೂಲ ಮಾಲೀಕರನ್ನು ಹುಡುಕಿದೆವು. ಸಾಲವೇನೋ ತೀರಿತ್ತು, ಆದರೆ ಅದರ ಪತ್ರವನ್ನು ಯಾರೂ ಪಡೆದಿರಲಿಲ್ಲ. ಆ ಪತ್ರಕ್ಕಾಗಿ ಓಡಾಡಿ, ಹೆಸರು ಬದಲಾಗುವ ಹೊತ್ತಿಗೆ ಏಳು ವಾರ ಹಿಡಿಯಿತು. ಅಷ್ಟರಲ್ಲಿ ಬಾಡಿಗೆ ಗಾಡಿಗೆ ಮೂವತ್ತು ಸಾವಿರಕ್ಕೂ ಮಿಕ್ಕಿ ತೆತ್ತಿದ್ದ ಹುಡುಗನಿಗೆ ನನ್ನ ಮೇಲೆ ಸ್ವಲ್ಪ ಮುನಿಸೂ ಬಂದಿತ್ತು. ಅವನ ತಾಯಿಯ ಬಳೆಗಳಿಗೆ ಬಡ್ಡಿ ಬೆಳೆಯುತ್ತಿತ್ತು, ಮುನಿಸು ಸಹಜ. ಆದರೂ ಈ ಏಳು ವಾರಗಳನ್ನು ನಾನು ನಷ್ಟದ ಕಲಮಿಗೆ ಬರೆಯುವುದಿಲ್ಲ. ಬಳೆ ಬಿಡಿಸಿಕೊಳ್ಳಲು ದುಡಿಯುವ ಗಾಡಿ, ಯಾರೂ ಕಿತ್ತುಕೊಳ್ಳಲಾಗದಂತೆ ಅವನದಾಗಿರಬೇಕಲ್ಲವೇ?

ಇನ್ನು ಗ್ಯಾರೇಜಿನ ಮಾತು. ಹಿಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಎತ್ತಿನ ಕೊಂಬಿನ ಬಣ್ಣಕ್ಕೆ ಮರುಳಾಗುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಗಾಡಿಗೂ ಅದೇ ನ್ಯಾಯ. ಹೊಸ ಬಣ್ಣವನ್ನು ಕಂಡರೆ ಸಂಶಯಪಡಬೇಕು. ಅದರ ಕೆಳಗೆ ತುಕ್ಕು ಅಡಗಿರುತ್ತದೆ. ಷಾಸಿಯ ಮೇಲೆ ಕೊರೆದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಮೂಡಿದ ಅಚ್ಚನ್ನು ಆರ್.ಸಿ.ಯೊಂದಿಗೆ ಅಕ್ಷರ ಅಕ್ಷರ ಹೋಲಿಸಬೇಕು. ಎಂಜಿನ್ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿಸಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಇವನ್ನು ನನಗೆ ಕಲಿಸಿದವನು ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್. ಅವನೂ ನನ್ನ ವಿದ್ಯಾರ್ಥಿಯೇ.

ಅವನ ಕೆಲಸವನ್ನು ಒಂದು ಮಧ್ಯಾಹ್ನ ಕುಳಿತು ನೋಡಿದೆ. ಎಂಜಿನನ್ನು ಬಿಚ್ಚಿ, ಪ್ರತಿ ಬೋಲ್ಟನ್ನೂ ಅದರ ಜಾಗದ ಪ್ರಕಾರ ತಟ್ಟೆಗಳಲ್ಲಿ ವಿಂಗಡಿಸಿಟ್ಟಿದ್ದ. ಸಿಲಿಂಡರಿನ ಒಳಗೋಡೆ ಎಷ್ಟು ಸವೆದಿದೆಯೆಂದು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದುಕೊಂಡ. ಎರಡು ಬೀದಿ ಆಚೆಯ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿದ, ಬಿಡಿಭಾಗಗಳನ್ನು ಜೆ.ಸಿ. ರಸ್ತೆಯಿಂದ ತರಿಸಿದ. ಯಾವುದನ್ನು ಹೊಸದಾಗಿ ಹಾಕಬೇಕು, ಯಾವುದು ಇನ್ನೂ ಎರಡು ವರ್ಷ ಬಾಳುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಅಳತೆ, ದಶಾಂಶ, ನಿರ್ಣಯ, ಪ್ರಾಮಾಣಿಕತೆ ಎಲ್ಲವೂ ಅಲ್ಲಿದ್ದವು. "ಓದದಿದ್ದರೆ ಗ್ಯಾರೇಜಿಗೆ ಹೋಗುತ್ತೀಯೆ" ಎಂದು ಮಕ್ಕಳನ್ನು ಹೆದರಿಸುವ ತಂದೆತಾಯಿಗಳು ಒಮ್ಮೆ ಅಲ್ಲಿ ಹೋಗಿ ಕುಳಿತು ನೋಡಬೇಕು.

ಹಳೆಯ ಡೀಸೆಲ್ ಗಾಡಿಗಳು ನಗರದ ಗಾಳಿಯನ್ನು ಕೆಡಿಸುತ್ತವೆ, ಅವುಗಳಿಗೆ ಜೀವದಾನ ಮಾಡುವುದು ಸರಿಯೇ ಎಂದು ನನ್ನ ಸೋದರಳಿಯ ವಾದಿಸುತ್ತಾನೆ. ಆಕ್ಷೇಪಣೆಯಲ್ಲಿ ಹುರುಳಿದೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ವಿರುದ್ಧ ಹಸಿರು ನ್ಯಾಯಮಂಡಳಿಯ ಆದೇಶ 2015ರಲ್ಲಿಯೇ ಬಂದಿತು. ನಮ್ಮಲ್ಲಿ ಹಾಗೆ ವಯಸ್ಸೊಂದನ್ನೇ ನೋಡಿ ತಡೆದಿಲ್ಲ. ಆದರೆ 2022ರ ಏಪ್ರಿಲ್‌ನಿಂದ ದೇಶಾದ್ಯಂತ ಹದಿನೈದು ವರ್ಷ ದಾಟಿದ ವಾಹನಗಳ ಶುಲ್ಕಗಳು ಹಲವು ಪಟ್ಟು ಏರಿವೆ. ಆದ್ದರಿಂದ ಹದಿನಾಲ್ಕು ವರ್ಷದ ಗಾಡಿಯನ್ನು ಅಗ್ಗವೆಂದು ಕೊಳ್ಳುವವರು ಮುಂದಿನ ವರ್ಷದ ಎಫ್.ಸಿ. ಶುಲ್ಕವನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು. ನನ್ನ ನಿಲುವು ಇಷ್ಟೇ: ಹೊಗೆ ಪರೀಕ್ಷೆಯಲ್ಲಿ, ಎಫ್.ಸಿ.ಯಲ್ಲಿ ನ್ಯಾಯವಾಗಿ ಪಾಸಾಗುವ ಗಾಡಿ ದುಡಿಯಲಿ. ಷಾಸಿ ಕೊಳೆತದ್ದನ್ನು, ಎಷ್ಟು ರಿಪೇರಿಗೂ ಹೊಗೆ ನಿಲ್ಲದ್ದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ನೋಂದಣಿಯನ್ನು ರದ್ದುಪಡಿಸಿಕೊಳ್ಳಬೇಕು. ಲಂಚ ಕೊಟ್ಟು ಪಾಸು ಮಾಡಿಸಿದ ಗಾಡಿಯ ಬ್ರೇಕು ಲಂಚಕ್ಕೆ ಮರ್ಯಾದೆ ಕೊಡುವುದಿಲ್ಲ.

ಕೊಳ್ಳುವವರಿಗೆ ಹೇಳಿದ್ದಾಯಿತು. ಕೊನೆಯ ಮಾತು ಮಾರಿದವರಿಗೆ. ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರು ಆ ಗುಂಪಿನವರು. ಹಳೆಯ ಸ್ಕೂಟರನ್ನೋ ಕಾರನ್ನೋ ಯಾರಿಗೋ ಸಹಿ ಮಾಡಿಕೊಟ್ಟು ಮರೆತಿರುತ್ತೀರಿ. ಅದರ ಸಂಖ್ಯೆ ಕೆ.ಎ. 02 ಎಂದು ಆರಂಭವಾಗಿದ್ದರೆ ರಾಜಾಜಿನಗರದ ಆರ್.ಟಿ.ಒ., ಕೆ.ಎ. 41 ಆಗಿದ್ದರೆ ಜ್ಞಾನಭಾರತಿಯದು. ಪರಿವಾಹನ್ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ, ವಿಮೆ, ಎಫ್.ಸಿ., ದಂಡದ ಬಾಕಿ ಹೇಗಿವೆಯೆಂದು ನೋಡಿ. ಇನ್ನೂ ನಿಮ್ಮ ಹೆಸರಿನಲ್ಲಿಯೇ ಇದೆಯೆಂದು ಅನುಮಾನ ಬಂದರೆ, ಕೊಂಡವರನ್ನು ಹುಡುಕಿ ಹೆಸರು ಬದಲಾಯಿಸಿ. ಅವರು ಸಿಗದಿದ್ದರೆ ಮಾರಾಟದ ವಿವರವನ್ನು ಲಿಖಿತವಾಗಿ ಆರ್.ಟಿ.ಒ.ಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಅರ್ಜಿ ಬರೆಯಲು ಬಾರದಿದ್ದರೆ ಬನ್ನಿ, ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಮನೆಯಲ್ಲಿಯೇ ಇರುತ್ತೇನೆ.